ಅಕ್ಕಿ ಡಬ್ಬಿಯ ಹಿಂದಿನ ಕೋಲು

ವಿಜಯವಾಡ
4 ಆಗಸ್ಟ್ 2025

ತಮ್ಮಾ ಅರವಿಂದ,

ಈ ಕಾಲದಲ್ಲೂ ಪತ್ರವೇ ಎಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಭಾವನಿಗೆ ಎಲ್ಲ ಕೇಳುತ್ತದೆ. ಇಪ್ಪತ್ತನಾಲ್ಕು ವರ್ಷ ನನ್ನ ಜೊತೆ ಸಂಸಾರ ಮಾಡಿದ ಮನುಷ್ಯನಿಗೆ ನಮ್ಮ ಹಾವೇರಿ ಮಾತು ಒಂದೂ ಬಿಡದೆ ತಿಳಿಯುತ್ತದೆ. ಪಾರ್ಶ್ವವಾಯು ಬಾಯಿ ಕಟ್ಟಿದೆಯೇ ಹೊರತು ಕಿವಿ ಕಟ್ಟಿಲ್ಲ. ಅವರ ಎದುರು ನಾನು ಯಾರ ಜೊತೆಗಾದರೂ ಸ್ವಲ್ಪ ನಕ್ಕು ಮಾತಾಡಿದರೆ ಸಾಕು, ಕಣ್ಣಲ್ಲಿ ನೀರು. ಮೆಸೇಜು ಬರೆಯೋಣವೆಂದರೆ ನನ್ನ ಫೋನು ಅರ್ಧ ದಿನ ಮಗಳು ಪ್ರತ್ಯೂಷಾಳ ಕೈಯಲ್ಲೇ ಇರುತ್ತದೆ. ಕನ್ನಡ ಅಕ್ಷರ ಮಾತ್ರ ಈ ಮನೆಯಲ್ಲಿ ನನ್ನ ಬಿಟ್ಟು ಯಾರಿಗೂ ಬಾರದು. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನೀನು ವೈಜಾಗಿಗೆ ವರ್ಗವಾಗಿ ಬಂದಾಗಿನಿಂದ ಭಾನುವಾರ ಭಾನುವಾರ ಸಮುದ್ರಕ್ಕೆ ಗಾಳ ಹಾಕುತ್ತೀಯಲ್ಲ, ನಮಗೂ ಒಂದು ಗಾಳದ ಕೋಲು ನೋಡು. ನಿನ್ನ ಭಾವನಿಗೆ. ಕೈಕಾಲಿಗೆ ವ್ಯಾಯಾಮ ಮಾಡಿಸಲು ಗುರುವಾರ ಗುರುವಾರ ಬಾಬ್ಜಿ ಅಂತ ಒಬ್ಬ ಬರುತ್ತಾನೆ. ಮನಸ್ಸಿಗೆ ಹಿಡಿಸುವ ಕೆಲಸ ಏನಾದರೂ ಕೊಡಿ ಎಂದು ಅವನೇ ಹೇಳಿದ.

ಎರಡೂವರೆ ಸಾವಿರದ ಒಳಗೆ ಆಗಬೇಕು. ಮಡಚಿದರೆ ಅಕ್ಕಿ ಡಬ್ಬಿಯ ಹಿಂದೆ ಹಿಡಿಯಬೇಕು. ರೀಲು ಇರಲೇಬೇಕು. ಯಾಕೆ ಬಚ್ಚಿಡುವುದು ಎಂದು ಕೇಳಬೇಡ, ಸರ್ಪ್ರೈಸ್ ಅಂದುಕೋ.

ಅಡುಗೆಮನೆ ಕಿಟಕಿಯಿಂದ ಏಲೂರು ಕಾಲುವೆಯ ಒಂದು ಮೊಳ ನೀರು ಕಾಣುತ್ತದೆ. ಈಗ ತುಂಬಿ ಹರಿಯುತ್ತಿದೆ.

ನಿನ್ನ ಅಕ್ಕ,
ಜಾಹ್ನವಿ


ಪೆಂಡುರ್ತಿ, ವಿಶಾಖಪಟ್ಟಣ
12 ಆಗಸ್ಟ್ 2025

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬ್ರಾಂಚಿಗೆ ಬಂತು. ನಮ್ಮ ಕ್ಲರ್ಕು ಅಖಿಲಾ "ಸರ್, ಲವ್ ಲೆಟರಾ?" ಎಂದು ಕೇಳಿಯೇಬಿಟ್ಟಳು. ಅಕ್ಕನದು ಅಂದರೂ ನಂಬಲಿಲ್ಲ.

ಅಗ್ಗದಲ್ಲಿ ಒಳ್ಳೆಯದು ಬೇಕಾದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದೇ ಮುಖ್ಯ. ಕೋಲಿನಲ್ಲಿ ಉಳಿಸು, ರೀಲಿನಲ್ಲಿ ಉಳಿಸಬೇಡ. ಫೈಬರ್‌ಗ್ಲಾಸ್ ಕೋಲು ಸ್ವಲ್ಪ ಭಾರ, ಆದರೆ ಗೋಡೆಗೆ ಬಡಿದರೂ ಮುರಿಯುವುದಿಲ್ಲ. ಕಾರ್ಬನ್ನಿನದು ಹಗುರ, ದುಬಾರಿ, ಬಾಗಿಲಿಗೆ ಸಿಕ್ಕಿದರೆ ಮುಗಿಯಿತು. ದಾರ ಮಾತ್ರ ಹೊಸದೇ ಇರಬೇಕು, ಹಳೆಯ ನೈಲಾನು ನಂಬಿಸಿ ಕೈ ಕೊಡುತ್ತದೆ. ಬಣ್ಣಬಣ್ಣದ ರಬ್ಬರು ಮೀನು ಇಪ್ಪತ್ತು ಬಗೆ ತೋರಿಸುತ್ತಾರೆ. ಅವು ಮೀನಿಗಿಂತ ಹೆಚ್ಚಾಗಿ ಮನುಷ್ಯರನ್ನೇ ಹಿಡಿಯುತ್ತವೆ. ಎರಡು ಸಾಕು.

ಹೋದ ಭಾನುವಾರ ಬಂಡೆಯ ಮೇಲೆ ನಿಂತು ಎರೆಹುಳು ಸಿಕ್ಕಿಸಿ ಎಸೆದೆ ನೋಡು, ಮೂರು ಕೆಜಿಯ ಪಂಡುಗಪ್ಪ! ಇಂಗ್ಲಿಷಿನವರು ಬಾಸ್ ಅನ್ನುವುದು ಇದನ್ನೇ. ಎಳೆದು ಎಳೆದು ಕೈ ಸೋತುಹೋಯಿತು.

ಒಂದು ಅನುಮಾನ. ಭಾವನಿಗೆ ಎಡಗೈ ಒಂದೇ ಆಡುವುದು ಎಂದಿದ್ದೆ. ಒಂದು ಕೈಯಲ್ಲಿ ಕೋಲು ಹಿಡಿದರೆ ರೀಲು ತಿರುಗಿಸುವುದು ಯಾವ ಕೈಯಲ್ಲಿ? ರೀಲಿಲ್ಲದ ಬಿದಿರು ಕೋಲೇ ಅವರಿಗೆ ಸರಿ, ಖರ್ಚೂ ಇಲ್ಲ. ಏನಂತೀ?

ಅರವಿಂದ


ವಿಜಯವಾಡ
21 ಆಗಸ್ಟ್ 2025

ಅರವಿಂದ,

ಬಿದಿರು ಬೇಡ. ರೀಲು ಬೇಕು ಎಂದೆ, ರೀಲೇ ಬೇಕು. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೂ ಹೀಗೇ ಎದುರು ಪ್ರಶ್ನೆ ಹಾಕುತ್ತೀಯಾ? ಎಡಗೈಯಲ್ಲಿ ಕೋಲು ಅವರು ಹಿಡಿಯುತ್ತಾರೆ, ಪಕ್ಕದಲ್ಲಿ ಕೂತು ನಾನು ತಿರುಗಿಸುತ್ತೇನೆ. ಆಯಿತಲ್ಲ?

ಮೂರು ಕೆಜಿಯ ಪಂಡುಗಪ್ಪ, ಅದೂ ಎರೆಹುಳುವಿಗೆ! ಭೇಷ್. ವರದಾ ಹೊಳೆಯ ದಂಡೆಯಲ್ಲಿ ಅಪ್ಪ ಎರೆಹುಳುವಿನ ಡಬ್ಬಿ ತೆಗೆದರೆ ಊರ ಬಾಗಿಲ ತನಕ ಓಡುತ್ತಿದ್ದ ಹುಡುಗ ನೀನೇ ಅಲ್ಲವೇನೋ? ಆಗೆಲ್ಲ ಹುಳ ಸಿಕ್ಕಿಸಿ, ಗಾಳ ಎಸೆದು, ಮೀನು ಹಿಡಿದವಳು ನಾನು. ಮನೆಗೆ ಬಂದು ನಾನೇ ಹಿಡಿದೆ ಅಂತ ಅವ್ವನಿಗೆ ಹೇಳಿದವನು ನೀನು. ಇರಲಿ, ಕಾಲ ಬದಲಾಗುತ್ತದೆ.

ಬೇಗ ಕಳಿಸು. ಕಾಲುವೆಯ ದಂಡೆಯಲ್ಲಿ ಈಗ ದಿನಾ ನಾಲ್ಕೈದು ಜನ ಕೂರುತ್ತಾರೆ. ಯಾರಿಗೆ ಏನು ಸಿಕ್ಕಿತೆಂದು ಮೂರನೇ ಮಹಡಿಯಿಂದ ಎಷ್ಟು ಬಗ್ಗಿದರೂ ಕಾಣುವುದಿಲ್ಲ.

ಜಾಹ್ನವಿ


ಪೆಂಡುರ್ತಿ
30 ಆಗಸ್ಟ್ 2025

ಅಕ್ಕಾ,

ಪಾರ್ಸೆಲ್ ಇವತ್ತು ಹೊರಟಿತು. ಕೋಲು ಹೊಸದು, ಆರು ಅಡಿ, ಒಂದರೊಳಗೊಂದು ಸೇರಿ ಒಂದು ಮೊಳ ಆಗುತ್ತದೆ. ತೆಗೆಯುವಾಗ ತುದಿಯ ತುಂಡು ಮೊದಲು ಎಳೆ, ಮುಚ್ಚುವಾಗ ಬುಡದ ದಪ್ಪ ತುಂಡು ಮೊದಲು ಒಳಗೆ ತಳ್ಳು. ತಿರುಗಾಮುರುಗಾ ಮಾಡಿದರೆ ಸಿಕ್ಕಿಕೊಂಡು ಕೂರುತ್ತದೆ. ಅಗ್ಗದ ಮಡಚು ಕೋಲಿಗೆ ಇರುವ ದೊಡ್ಡ ರೋಗ ಇದೊಂದೇ. ಉಂಗುರಗಳೆಲ್ಲ ಒಂದೇ ಸಾಲಿನಲ್ಲಿ ಇವೆಯೇ ನೋಡಿಕೋ.

ರೀಲು ನನ್ನದೇ. ಏಳು ತಿಂಗಳು ವೈಜಾಗಿನ ಉಪ್ಪುನೀರು ಕುಡಿದ ರೀಲು, ಪಳಗಿದೆ. ಹಿಡಿ ಎಡಕ್ಕೂ ಹಾಕಬಹುದು, ಬಲಕ್ಕೂ ಹಾಕಬಹುದು. ನನ್ನ ಏಳಡಿ ಕೋಲಿಗೆ ನಾನು ಬೇರೆ ಕೊಂಡುಕೊಳ್ಳುತ್ತೇನೆ. ಹಾಗಾಗಿ ನಿನ್ನ ಎರಡೂವರೆ ಸಾವಿರದಲ್ಲಿ ಅರ್ಧವೂ ಮುಗಿದಿಲ್ಲ. ಹಸಿರು ರಬ್ಬರು ಕಪ್ಪೆ ಒಂದು ಇಟ್ಟಿದ್ದೇನೆ, ಸಣ್ಣ ಗಾಳ ಹತ್ತು. ಕಾಲುವೆಯ ಜಿಲೇಬಿ ಮೀನಿಗೆ ಚಪಾತಿ ಹಿಟ್ಟಿನ ಉಂಡೆಯೇ ಸಾಕಂತೆ.

ಭಾವ ಮೊದಲ ಮೀನು ಹಿಡಿದ ದಿನ ಬರೆ.

ಅರವಿಂದ


ವಿಜಯವಾಡ
19 ಸೆಪ್ಟೆಂಬರ್ 2025

ಅರವಿಂದ,

ಕೋಲು ಬಂದು ಹದಿನೈದು ದಿನದ ಮೇಲಾಯಿತು. ಡಬ್ಬಿಯ ಹಿಂದೆ ಸರಿಯಾಗಿ ಹಿಡಿಯಿತು. ಎಲ್ಲರೂ ಮಲಗಿದ ಮಧ್ಯಾಹ್ನ ಒಮ್ಮೆ ತೆಗೆದು ಉದ್ದ ಮಾಡಿದೆ, ತುದಿ ಹೋಗಿ ಫ್ಯಾನಿಗೆ ತಗುಲಿತು.

ಇನ್ನೂ ಕಾಲುವೆಗೆ ಹೋಗಿಲ್ಲ. ನಿನ್ನ ಭಾವನಿಗೆ ಒಂದು ಮಾತು ಬಂದಿದೆ, "ಚಾಲು" ಎಂದು. ಇಡೀ ದಿನ ಅದೊಂದೇ. ಊಟಕ್ಕೆ ಕೂರಿಸಿದರೂ ಚಾಲು, ಸ್ನಾನ ಮಾಡಿಸಿದರೂ ಚಾಲು, ನಾನು ಹತ್ತಿರ ಹೋಗಿ ಕೂತರೂ ಚಾಲು. ಒಂದು ಮಾತು ಬಂದರೆ ಮಿಕ್ಕಿದ್ದೂ ಬರುತ್ತದೆ ಎನ್ನುತ್ತಾನೆ ಬಾಬ್ಜಿ. ಒಳ್ಳೆಯದೇ ಇರಬೇಕು.

ಬೇರೇನೂ ಇಲ್ಲ.

ಜಾಹ್ನವಿ


ಪೆಂಡುರ್ತಿ
26 ಸೆಪ್ಟೆಂಬರ್ 2025

ಅಕ್ಕಾ!

ಕಾಗದ ಓದಿ ಕುರ್ಚಿಯಿಂದ ಎದ್ದೇ ನಿಂತೆ. ಚಾಲೂ! ಊಟ ಚಾಲೂ, ಸ್ನಾನ ಚಾಲೂ! ಅಪ್ಪ ಪಂಪ್‌ಸೆಟ್ಟಿನ ಮುಂದೆ ನಿಂತು "ಚಾಲೂ ಮಾಡೋ" ಎಂದು ಕೂಗುತ್ತಿದ್ದನಲ್ಲ, ಅದೇ ನೆನಪಾಯಿತು. ಮಾತು ಬಿಟ್ಟ ಮನುಷ್ಯ ಮೊದಲು ಆಡಿದ ಮಾತು ಅದು, ಅದೂ ನಮ್ಮ ಮಾತು! ಎಂಥ ಹುಮ್ಮಸ್ಸು ನೋಡು. ನೀನು ಹತ್ತಿರ ಕೂತರೂ ಚಾಲೂ ಅನ್ನುತ್ತಾರೆ ಅಂದರೆ ಏನರ್ಥ, ಏಳು, ಹೊರಡು ಅಂತ ತಾನೇ?

ಇನ್ನೂ ಯಾಕೆ ಕಾಯುತ್ತೀ? ಅಷ್ಟು ಬಾಯಿಬಿಟ್ಟು ಕೇಳುತ್ತಿರುವಾಗ ಕೋಲು ಡಬ್ಬಿಯ ಹಿಂದೆ ಇಡುವುದು ಪಾಪ. ಚಾಲೂ ಮಾಡು ಅಕ್ಕಾ. ಇಬ್ಬರ ಕೈಯಲ್ಲಿ ಹಿಡಿಸಿ ಕೆಳಗೆ ಇಳಿಸು, ಕಾಲುವೆಗೆ ಕರೆದುಕೊಂಡು ಹೋಗು.

ಇಲ್ಲಿ ಭಾನುವಾರ ಗಾಳಿ ಜಾಸ್ತಿ ಇತ್ತು, ಆದರೂ ಎರಡು ಮೀನು ಬಿತ್ತು.

ಅರವಿಂದ


ವಿಜಯವಾಡ
10 ಅಕ್ಟೋಬರ್ 2025

ಅರವಿಂದ,

ನಿನ್ನ ಕಾಗದ ಓದಿ ಹತ್ತು ದಿನ ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಬೈಗುಳವೇ ಬರುತ್ತಿತ್ತು. ಈಗಲೂ ಬರುತ್ತದೆ, ಓದಿಕೋ.

ಚಾಲು ಅಂದರೆ ತೆಲುಗಿನಲ್ಲಿ ಸಾಕು ಅಂತ ಅರ್ಥ. ಸಾಕು! ಏಳು ತಿಂಗಳು ಆ ಊರಿನ ಅನ್ನ ತಿಂದೆಯಲ್ಲ, ಅಷ್ಟೂ ತಿಳಿಯಲಿಲ್ಲವೇ? ನನ್ನ ಮದುವೆಯ ಊಟ ಮರೆತೆಯಾ? ಎಲೆಯ ಮುಂದೆ ಕೂತು ಇವರು ಎರಡೂ ಕೈ ಅಡ್ಡ ಹಿಡಿದು "ಚಾಲು, ಚಾಲು" ಎನ್ನುತ್ತಿದ್ದರೆ ನಮ್ಮ ಅಜ್ಜಿ, "ಅಳಿಯಂದ್ರು ಚಾಲೂ ಮಾಡ್ರಿ ಅನ್ನಾಕತ್ತಾರ, ನೀ ಏನ್ ನೋಡ್ಕೋತ ನಿಂತಿ, ಹಾಕೋ!" ಎಂದು ಗದರಿಸಿದಳು. ನೀನು ಹನ್ನೊಂದು ಹೋಳಿಗೆ ಹಾಕಿ ಮೇಲೆ ಸೌಟುಗಟ್ಟಲೆ ತುಪ್ಪ ಸುರಿದೆ. ಪಾಪ, ಆ ಮನುಷ್ಯ ಮಾವನ ಮನೆಯ ಮರ್ಯಾದೆ ಎಂದು ಅಷ್ಟನ್ನೂ ತಿಂದು ಎರಡು ದಿನ ಮಲಗಿದರು. ಆಮೇಲೆ ವರ್ಷಾನುಗಟ್ಟಲೆ ಅದನ್ನೇ ಹೇಳಿ ನಗಿಸುತ್ತಿದ್ದರು.

ಈಗ ಕೇಳು. ನಾನು ತುತ್ತು ಕಲಸಿ ಬಾಯ ಹತ್ತಿರ ಒಯ್ದರೆ ಎಡಗೈ ಅಡ್ಡ ಹಿಡಿದು ಚಾಲು ಎನ್ನುತ್ತಾರೆ. ಅನ್ನ ಸಾಕೋ, ನಾನು ಸಾಕೋ, ಬದುಕೇ ಸಾಕೋ, ಯಾವುದೆಂದು ನನಗೆ ಗೊತ್ತಾಗುವುದಿಲ್ಲ. ಕೇಳಿದರೆ ಮತ್ತೆ ಅದನ್ನೇ ಹೇಳುತ್ತಾರೆ.

ಇನ್ನೊಂದೂ ಕೇಳು. ಕೋಲು ಅವರಿಗಲ್ಲ. ನನಗೆ. ಹದಿನಾರು ತಿಂಗಳಾಯಿತು ನಾನು ಈ ಮೆಟ್ಟಿಲು ಇಳಿದು. ತರಕಾರಿ ಬುಟ್ಟಿಯಲ್ಲಿ ಮೇಲೆ ಬರುತ್ತದೆ, ಔಷಧಿ ಪ್ರತ್ಯೂಷಾ ಕಾಲೇಜಿನಿಂದ ಬರುವಾಗ ತರುತ್ತಾಳೆ. ಗುರುವಾರ ನಾಲ್ಕರಿಂದ ಐದು ಬಾಬ್ಜಿ ಇರುತ್ತಾನೆ. "ವೆಳ್ಳಂಡಮ್ಮಾ, ನೇನುನ್ನಾನು ಕದಾ" ಎನ್ನುತ್ತಾನೆ, ನಾನಿದ್ದೀನಲ್ಲ, ಹೋಗಿ ಬನ್ನಿ ಎಂದು. ನಾನು ಚಪ್ಪಲಿ ಮೆಟ್ಟಿದ ಸದ್ದು ಕೇಳಿದರೆ ಒಳಗಿಂದ ಮಗುವಿನ ಹಾಗೆ ಅಳು. ಬಿಚ್ಚಿಟ್ಟು ಒಳಗೆ ಬರುತ್ತೇನೆ. ಹೀಗೆ ನಾಲ್ಕು ಗುರುವಾರ ಆಯಿತು. ಗಂಡನಿಗೆ ಅಂತ ನಿನಗೆ ಸುಳ್ಳು ಬರೆದೆ, ಹೆಂಡತಿಗೆ ಮೀನು ಹಿಡಿಯುವ ಆಸೆ ಅಂತ ಬರೆಯಲು ನಾಚಿಕೆಯಾಯಿತು. ಅವರು ಹಾಸಿಗೆಯಲ್ಲಿ, ನಾನು ಕಾಲುವೆಯ ದಂಡೆಯಲ್ಲಿ, ಯಾರಾದರೂ ನೋಡಿದರೆ ಏನು ಅಂದಾರು?

ನಿನ್ನ ಸುಳ್ಳೇನೂ ಕಡಿಮೆ ಇಲ್ಲ. ಏಳು ತಿಂಗಳು ಉಪ್ಪುನೀರು ಕುಡಿದ ರೀಲಿನ ಹಿಡಿಗೆ ಅಂಗಡಿಯ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ತೇವ ಹೀರಲು ಹಾಕುವ ಬಿಳಿ ಪೊಟ್ಟಣ ರೀಲಿನ ಡಬ್ಬಿಯಲ್ಲೇ ಇದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತಾರೆ. ನೀನು ಹೇಳೋದೇ ಗಾಳ, ಇಕ್ಕೋದು ಏನೂ ಇಲ್ಲ.

ಜಾಹ್ನವಿ


ಪೆಂಡುರ್ತಿ
17 ಅಕ್ಟೋಬರ್ 2025

ಅಕ್ಕಾ,

ತಪ್ಪಾಯಿತು. ಎಲ್ಲದಕ್ಕೂ.

ಚಾಲು ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಮೆಸ್ಸಿನಲ್ಲಿ ಸಾರು ಬಡಿಸುವವನಿಗೆ ದಿನಾ ಎರಡು ಹೊತ್ತು ನಾನೇ "ಚಾಲಂಡಿ" ಎನ್ನುತ್ತೇನೆ. ಆದರೆ ನಿನ್ನ ಕೈಬರಹದಲ್ಲಿ ಕಂಡಾಗ ಅದು ತೆಲುಗು ಅಂತ ಹೊಳೆಯಲೇ ಇಲ್ಲ. ನಿನ್ನ ಅಕ್ಷರ ಓದುವಾಗ ನನಗೆ ಅಪ್ಪನ ದನಿಯೇ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯ ಸುದ್ದಿ ಇರಲಿ ಅಂತ ಆಸೆ ಇತ್ತು, ಹಾಗೇ ಓದಿಕೊಂಡೆ.

ನಾನು ಒಂದು ದಿನವೂ ಗಾಳ ಹಾಕಿಲ್ಲ. ಪೆಂಡುರ್ತಿಯಿಂದ ಸಮುದ್ರ ಇಪ್ಪತ್ತು ಕಿಲೋಮೀಟರು. ಈ ಏಳೆಂಟು ತಿಂಗಳಲ್ಲಿ ಎರಡು ಸಲ ನೋಡಿದ್ದೇನೆ, ಎರಡು ಸಲವೂ ಮೇಲಿನ ಸಾಹೇಬರನ್ನು ಗೆಸ್ಟ್ ಹೌಸಿಗೆ ಬಿಡಲು ಹೋದಾಗ. ಬ್ರಾಂಚಿನಲ್ಲಿ ಐದು ಜನರ ಕೆಲಸಕ್ಕೆ ಇಬ್ಬರು ಇದ್ದೇವೆ. ಭಾನುವಾರವೂ ಶಟರು ಅರ್ಧ ಎಳೆದುಕೊಂಡು ಒಳಗೆ ಕೂತಿರುತ್ತೇನೆ. ಬಂದ ವಾರವೇ ಕೋಲು, ರೀಲು ಕೊಂಡೆ. ಕೋಲು ಬಾಗಿಲ ಹಿಂದೆ ನಿಂತಿತು. ನನಗೆ ಗೊತ್ತಿರುವುದೆಲ್ಲ ಊಟದ ಹೊತ್ತಿನಲ್ಲಿ ನೋಡಿದ ವಿಡಿಯೋದ್ದು. ಹೆಂಡತಿ ಮಗಳು ಹುಬ್ಬಳ್ಳಿಯಲ್ಲಿ, ನಾನು ಇಲ್ಲಿ ಗೋಡೆ ನೋಡುತ್ತಾ ಇದ್ದೇನೆ.

ಯಾಕೆ ಸುಳ್ಳು ಹೇಳಿದೆ ಗೊತ್ತಾ? ಗಾಳ ಕೊಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ನೀನು, "ನೀನಾದ್ರೂ ಹೊರಗ ಇದ್ದೀಯಲ್ಲೋ" ಅಂದೆ. ಆಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಹದಿನಾರು ತಿಂಗಳು ಮೆಟ್ಟಿಲು ಇಳಿದಿಲ್ಲ ಅಂದೆ. ಅನ್ನ ಸಾಕೋ, ನಾನು ಸಾಕೋ, ಬದುಕು ಸಾಕೋ ಎಂದು ಕೇಳಿದ್ದೀ. ನನಗೆ ಹೇಗೆ ತಿಳಿಯಬೇಕು ಅಕ್ಕಾ? ಒಂದು ಮಾತ್ರ ಹೇಳುತ್ತೇನೆ. ಕೋಲು ಬೇಕು ಅಂದವಳು ನೀನೇ ಎಂದು ತಿಳಿದಾಗ ನನಗೆ ಎಷ್ಟೋ ತಿಂಗಳ ಮೇಲೆ ಸಂತೋಷವಾಯಿತು. ನಮ್ಮ ಮನೆಯಲ್ಲಿ ಮೀನು ಹಿಡಿಯಲು ಬರುತ್ತಿದ್ದುದು ನಿನಗೆ ಒಬ್ಬಳಿಗೇ. ಅದಕ್ಕೆ ನಾಚಿಕೆ ಯಾಕೆ?

ಮುಂದಿನ ತಿಂಗಳ ಎರಡನೇ ಶನಿವಾರ ಬಂದು ಭಾವನ ಹತ್ತಿರ ನಾನು ಕೂರುತ್ತೇನೆ. ನೀನು ಹೋಗು.

ಅರವಿಂದ


ವಿಜಯವಾಡ
14 ನವೆಂಬರ್ 2025

ತಮ್ಮಾ,

ಎರಡನೇ ಶನಿವಾರ ಬಂತು, ಹೋಯಿತು. ನೀನು ಬರಲಿಲ್ಲ. "ರಜೆ ರದ್ದಾಯಿತು" ಎಂದು ಮೆಸೇಜು ನೋಡಿದೆ. ಕೋಪವಿಲ್ಲ, ಶಟರಿನ ಒಳಗಿದ್ದವನ ಮೇಲೆ ಎಂಥ ಕೋಪ.

ಕನ್ನಡ ಅಕ್ಷರ ಈ ಮನೆಯಲ್ಲಿ ಯಾರಿಗೂ ಬಾರದು ಅಂದಿದ್ದೆನಲ್ಲ, ಎಂಥ ಹೆಡ್ಡಿ ನಾನು. ತೆಲುಗು ಓದುವವರಿಗೆ ನಮ್ಮ ಅಕ್ಷರ ದಾಯಾದಿಯ ಮುಖದ ಹಾಗೆ, ಸ್ವಲ್ಪ ದಿಟ್ಟಿಸಿದರೆ ಗುರುತು ಸಿಗುತ್ತದೆ. ಈ ಮಂಗಳವಾರ ಟೆರೇಸಿನಿಂದ ಬಟ್ಟೆ ತೆಗೆದುಕೊಂಡು ಬಂದರೆ ಒಳಗೆ ಪ್ರತ್ಯೂಷಾಳ ದನಿ. ಅಕ್ಕಿ ತೆಗೆಯಲು ಹೋಗಿ ನಿನ್ನ ಕಾಗದಗಳು ಸಿಕ್ಕಿವೆ. ಅಪ್ಪನ ಹಾಸಿಗೆಯ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾಳೆ. "ಚಾ… ಲೂ… ಮಾ… ಡು… ಅಕ್ಕಾ." ಓದಿದ್ದರಲ್ಲಿ ಅರ್ಧ ಅವಳಿಗೇ ಅರ್ಥವಾಗಿಲ್ಲ. ಅರ್ಥವಾಗುವವರು ಎದುರಿಗೆ ಮಲಗಿದ್ದರು. ಓದುವವಳು ಒಬ್ಬಳು, ತಿಳಿಯುವವರು ಒಬ್ಬರು, ಇಬ್ಬರೂ ಸೇರಿ ನಿನ್ನ ನಾಲ್ಕೂ ಕಾಗದ ಮುಗಿಸಿದರು. ನಾನು ಬಾಗಿಲ ಹೊರಗೆ ಒಣಗಿದ ಸೀರೆಯ ಹೊರೆ ಹಿಡಿದು ನಿಂತೇ ಇದ್ದೆ. ಒಳಗೆ ಹೋಗುವ ಧೈರ್ಯ ಇರಲಿಲ್ಲ. ಹದಿನಾರು ತಿಂಗಳು ಎಂದು ಓದಿದಳು. ಅನ್ನ ಸಾಕೋ, ನಾನು ಸಾಕೋ ಎಂದೂ ಓದಿದಳು.

ಅಂದು ರಾತ್ರಿ ಊಟಕ್ಕೆ ಅವರು ಚಾಲು ಅನ್ನಲಿಲ್ಲ. ಬುಧವಾರವೂ ಇಲ್ಲ. ಇದ್ದ ಒಂದು ಮಾತೂ ಹೋಯಿತೇನೋ ಎಂದು ನಾನು ದೇವರ ಮುಂದೆ ಅತ್ತೆ.

ನಿನ್ನೆ ಗುರುವಾರ ನಾಲ್ಕಕ್ಕೆ ಬಾಬ್ಜಿ ಬಂದ. ನಾನು ಚಪ್ಪಲಿ ಕಡೆ ನೋಡಲೂ ಇಲ್ಲ. ಪ್ರತ್ಯೂಷಾ ಕಾಲೇಜು ತಪ್ಪಿಸಿ ಮನೆಯಲ್ಲೇ ಇದ್ದಳು. "ನಾನ್ನನ ನಾ ನೋಡ್ಕೊಂಟಾ, ನೀ ಹೋಗಮ್ಮಾ" ಎಂದು, ಅಪ್ಪನನ್ನು ನಾನ್ನ ಎನ್ನುವ ಅವಳ ಕಲಸುಮೇಲೋಗರ ಕನ್ನಡದಲ್ಲಿ ಹೇಳಿ ಡಬ್ಬಿಯ ಹಿಂದಿನಿಂದ ಕೋಲು ತಂದು ಅಪ್ಪನ ಪಕ್ಕದಲ್ಲಿ ಇಟ್ಟಳು. ಅವರು ಎಡಗೈಯಲ್ಲಿ ಅದನ್ನು ಹಿಡಿದು, ಹಾಸಿಗೆಯ ಮೇಲೆ ಒತ್ತಿ ಒತ್ತಿ ನನ್ನ ಕಡೆ ತಳ್ಳಿದರು. ಆಮೇಲೆ ಆ ಕೈ ಎತ್ತಿ ಬಾಗಿಲು ತೋರಿಸಿದರು.

"ಚಾಲೂ," ಅಂದರು.

ಕೈ ಅಡ್ಡ ಹಿಡಿದಿರಲಿಲ್ಲ ತಮ್ಮಾ. ಅಂಗೈ ಬಿಚ್ಚಿತ್ತು. ಎಳೆದು ಹೇಳಿದರು, ನಮ್ಮ ಅಜ್ಜಿ ಹೇಳಿದ ಹಾಗೇ. ನಾನು ನೋಡುತ್ತಾ ನಿಂತಿದ್ದಕ್ಕೆ ಸಿಟ್ಟು ಬಂದು ಇನ್ನೊಮ್ಮೆ ಹೇಳಿದರು.

ಇಳಿದೆ. ಐವತ್ತೆರಡು ಮೆಟ್ಟಿಲು. ಹೋದ ತಿಂಗಳ ತುಫಾನಿನ ಕೆಂಪು ನೀರು ಇಳಿದು ಕಾಲುವೆ ತಿಳಿಯಾಗಿತ್ತು. ಮೊದಲ ಸಲ ಎಸೆದದ್ದು ಹಿಂದಿನ ಜಾಲಿಗಿಡಕ್ಕೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಈಶ್ವರಯ್ಯ ಅನ್ನುವ ಮುದುಕರು ಬಿಡಿಸಿಕೊಟ್ಟು, ಹೆಂಗಸು ಗಾಳ ಹಾಕುವುದನ್ನು ಒಂದು ಗಳಿಗೆ ನೋಡಿ, ತಮ್ಮ ಕೆಲಸಕ್ಕೆ ತಾವು ತಿರುಗಿದರು. ಎರಡನೇ ಸಲ ಸರಿಯಾಗಿ ಹೋಯಿತು. ರೀಲು ಚೆನ್ನಾಗಿದೆ, ನೀನು ಹೇಳಿದ್ದರಲ್ಲಿ ಅದೊಂದು ನಿಜ. ಐದಕ್ಕೆ ಹತ್ತು ನಿಮಿಷ ಇರುವಾಗ ದಾರ ಜಗ್ಗಿತು. ನನಗೆ ಅಳು ಬಂತು, ಅಳುತ್ತಲೇ ತಿರುಗಿಸಿದೆ. ಗೇಣುದ್ದದ ಜಿಲೇಬಿ. ಅದರ ಬಾಯಿಂದ ಗಾಳ ಬಿಡಿಸಿ ನೀರಿಗೆ ಬಿಟ್ಟು ಓಡಿ ಬಂದೆ, ಬಾಬ್ಜಿ ಹೊರಡುವ ಹೊತ್ತಾಗಿತ್ತು.

ಇನ್ನು ಮುಂದಿನ ಗುರುವಾರದ ತನಕ ಇವೇ ನಾಲ್ಕು ಗೋಡೆ. ಅವರ ಅಳು ನಿಂತಿತು ಅಂದುಕೊಳ್ಳಬೇಡ, ನಾನು ಮೆಟ್ಟಿಲು ಇಳಿಯುವಾಗಲೂ ಕೇಳುತ್ತಿತ್ತು. ಕಳಿಸಿದವರೂ ಅವರೇ, ಅತ್ತವರೂ ಅವರೇ. ನೀನು ನಿನ್ನ ಏಳಡಿ ಕೋಲಿಗೆ ಒಂದು ರೀಲು ಕೊಂಡುಕೋ. ಕೋಲಿನಲ್ಲಿ ಉಳಿಸು, ರೀಲಿನಲ್ಲಿ ಉಳಿಸಬೇಡ, ಯಾರೋ ತಿಳಿದವರು ಹೇಳಿದ್ದು. ಒಂದು ಭಾನುವಾರ ಆ ಶಟರು ಪೂರ್ತಿ ಎಳೆದು ಬೀಗ ಹಾಕು.

ಮೇಲೆ ಬಂದಾಗ ಅವರ ಕಣ್ಣು ಕೆಂಪಗಿತ್ತು. ಏನು ಸಿಕ್ಕಿತು ಎಂದು ಹುಬ್ಬು ಹಾರಿಸಿದರು. ನಾನೂ ನಿನ್ನ ಅಕ್ಕ ತಾನೇ, ಎರಡೂ ಕೈ ಅಗಲಿಸಿ ಒಂದು ಮೊಳ ತೋರಿಸಿದೆ. ಅವರು ನೋಡಿದರು. ಇನ್ನೂ ಸ್ವಲ್ಪ ಅಗಲಿಸಿದೆ. ಆಗ ಎಡಗೈ ಅಡ್ಡ ಹಿಡಿದು "ಚಾಲು" ಅಂದರು.

ಇದು ತೆಲುಗಿನದು, ತಮ್ಮಾ. ಹೇಳಿ, ಬಾಯಿಯ ಎಡಬದಿಯಿಂದ ನಕ್ಕರು.

ನಿನ್ನ ಅಕ್ಕ,
ಜಾಹ್ನವಿ